ಕುಲಾ ಶೇಕರ್ ತಂಡದ ‘ಕೆ’: ಅರವತ್ತರ ದಶಕದ ನಕಲೋ, ನಿಜವಾದ ಹಂಬಲವೋ?

ಸಾಗರದ ಕೇಳುಗ

ಸ್ನೇಹಿತರೇ, ಕಳೆದ ಭಾನುವಾರ ಶಿವಮೊಗ್ಗದಿಂದ ಸಾಗರಕ್ಕೆ ಕಾರಿನಲ್ಲಿ ಬರುವಾಗ ಕುಲಾ ಶೇಕರ್ ಎಂಬ ಬ್ರಿಟಿಷ್ ರಾಕ್ ತಂಡದ ಮೊದಲ ಆಲ್ಬಂ ‘ಕೆ’ ಹಾಕಿದ್ದೆ. 1996ರ ಸೆಪ್ಟೆಂಬರಿನಲ್ಲಿ ಬಂದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಆಲ್ಬಂ ಇದು. ಪಕ್ಕದ ಸೀಟಿನಲ್ಲಿ ಅಪ್ಪ ಇದ್ದರು. ಊರಿನ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ತಾಳ ಹಾಕಿದವರು. ಮೊದಲ ಮೂರು ಹಾಡುಗಳಿಗೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನಾಲ್ಕನೆಯದು ‘ಗೋವಿಂದ’. ತಂಬೂರಿಯ ಶ್ರುತಿ ಕೇಳಿದ ಕೂಡಲೇ ತಲೆ ಇತ್ತ ತಿರುಗಿತು. ‘ಗೋವಿಂದ ಜಯ ಜಯ’ ಎಂದು ಶುರುವಾದಾಗ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಗಿಟಾರ್ ಮತ್ತು ಡ್ರಮ್ ಅಪ್ಪಳಿಸಿದಾಗ ನಿಲ್ಲಿಸು ಎನ್ನುತ್ತಾರೆಂದು ಕಾದೆ. ಹೇಳಲಿಲ್ಲ. ಹಾಡು ಮುಗಿದ ಮೇಲೆ, “ರಮಣ ಎನ್ನುವಲ್ಲಿ ಣಕಾರ ತಪ್ಪಿದೆ, ಆದರೆ ಹುಡುಗ ಮನಸ್ಸಿಟ್ಟು ಹೇಳಿದ್ದಾನೆ” ಎಂದರು.

ಅದೇ ರಾತ್ರಿ ಗೆಳೆಯನೊಬ್ಬನಿಗೆ ಈ ಸಂಗತಿ ಹೇಳಿದರೆ ಅವನು ಸಿಡುಕಿದ. ಇಡೀ ಆಲ್ಬಂ ಬೀಟಲ್ಸ್‌ನ ಎರವಲು, ಭಾರತ ಬರೀ ಅಲಂಕಾರ ಎಂದ. ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ತಿರುಗಿ ಹೇಳುವಷ್ಟು ವಿವರವೂ ಕೈಯಲ್ಲಿರಲಿಲ್ಲ. ಈ ಆಲ್ಬಮ್ಮಿನ ಸೈಕೆಡೆಲಿಕ್ ಬೇರುಗಳು, ಅಂದರೆ ಅರವತ್ತರ ದಶಕದ ಆ ಕನಸಿನ ಅಮಲಿನಂಥ ರಾಕ್ ಶೈಲಿಯ ಬೇರುಗಳು, ಎಲ್ಲಿವೆ? ತಿಳಿದವರು ಹೇಳಿ.

ಹಳೆಯ ಗಿಟಾರ್

ನಿಮ್ಮ ಗೆಳೆಯ ಅರ್ಧ ಸರಿ. ‘ಕೆ’ ಅರವತ್ತರ ದಶಕವನ್ನು ಬಚ್ಚಿಟ್ಟುಕೊಂಡಿಲ್ಲ, ಎದುರಿಗೇ ಇಟ್ಟಿದೆ. ಹ್ಯಾಮಂಡ್ ಆರ್ಗನ್, ಗಿಟಾರನ್ನು ಅಳಿಸುವ ವಾ-ವಾ ಪೆಡಲ್, ಒಂದೇ ಸ್ವರದ ಮೇಲೆ ನಿಂತು ಸುತ್ತುವ ಗಿಟಾರ್ ತುಣುಕುಗಳು, ಎಲ್ಲವೂ 1966ರಿಂದ 68ರ ಲಂಡನ್ನಿನವು. ‘ಗ್ರೇಟ್‌ಫುಲ್ ವೆನ್ ಯೂ ಆರ್ ಡೆಡ್’ ಎಂಬ ಹಾಡಿನ ಹೆಸರೇ ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡಕ್ಕೆ ಸಲ್ಲಿಸಿದ ನಮಸ್ಕಾರ. ಆ ತಂಡದ ಜೆರ್ರಿ ಗಾರ್ಸಿಯಾ ತೀರಿಕೊಂಡದ್ದು 1995ರ ಆಗಸ್ಟಿನಲ್ಲಿ. ಅದರ ಬೆನ್ನಿಗೇ ಬಂದ ಹಾಡು.

ಆದರೆ ನಕಲು ಎನ್ನುವ ಮೊದಲು ಒಂದು ಹೆಸರು ನೆನಪಿಡಿ: ಜಾನ್ ಲೆಕಿ. ಈ ಆಲ್ಬಮ್ಮಿನ ಮುಖ್ಯ ನಿರ್ಮಾಪಕ ಅವನೇ. 1970ರಲ್ಲಿ ಆಬಿ ರೋಡ್ ಸ್ಟುಡಿಯೋಕ್ಕೆ ಟೇಪ್ ನಡೆಸುವ ಹುಡುಗನಾಗಿ ಸೇರಿ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್‌ನ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಧ್ವನಿಮುದ್ರಣದಲ್ಲಿ ಕೆಲಸ ಮಾಡಿದವನು. ಮುಂದೆ 1989ರ ಸ್ಟೋನ್ ರೋಸಸ್ ಆಲ್ಬಂ, 1995ರ ರೇಡಿಯೋಹೆಡ್ ಆಲ್ಬಂ ‘ದ ಬೆಂಡ್ಸ್’ ಎರಡನ್ನೂ ನಿರ್ಮಿಸಿದ. ಹಳೆಯ ಸದ್ದನ್ನು ಪುಸ್ತಕ ಓದಿ ಕಲಿತವನಲ್ಲ, ಅದು ತಯಾರಾಗುತ್ತಿದ್ದ ಕೋಣೆಯಲ್ಲಿ ನಿಂತು ಕಲಿತವನು.

ತಂಬೂರಿ ತಂತಿ

ಅಪ್ಪನವರ ಕಿವಿಗೆ ನಮಸ್ಕಾರ. ಣಕಾರ ಹಿಡಿದುಬಿಟ್ಟರಲ್ಲ!

ಕ್ಯಾಸೆಟ್ ಪೆಟ್ಟಿಗೆ

ನಾನು ಒಪ್ಪುವುದಿಲ್ಲ. 1997ರಲ್ಲಿ ಹಾಸ್ಟೆಲಿನಲ್ಲಿ ಇದೇ ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೆ ಕೇಳಿದ್ದೇನೆ. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಅದರ ಹಲ್ಲೇ ಮುರಿದಿತ್ತು. ಆಗ ಹೆಮ್ಮೆಯಾಗುತ್ತಿತ್ತು. ಈಗ ಕೇಳಿದರೆ ಬೇರೆ ಪ್ರಶ್ನೆ ಏಳುತ್ತದೆ. ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದ ಭಾರತೀಯ ಮೂಲದ ಹುಡುಗರು ಅದೇ ಕಾಲದಲ್ಲಿ ಸಿತಾರ್ ಹಿಡಿದು ರಾಕ್ ನುಡಿಸುತ್ತಿದ್ದರು. ತೇಜಿಂದರ್ ಸಿಂಗ್ ಅವರ ಕಾರ್ನರ್‌ಶಾಪ್ ತಂಡ 1997ರಲ್ಲಿ ಆಶಾ ಭೋಸ್ಲೆಯವರನ್ನು ನೆನೆದು ‘ಬ್ರಿಮ್‌ಫುಲ್ ಆಫ್ ಆಶಾ’ ಹಾಡಿತು. ಅದೇ ಆಲ್ಬಮ್ಮಿನಲ್ಲಿ ಬೀಟಲ್ಸ್‌ನ ಸಿತಾರ್ ಇರುವ ‘ನಾರ್ವೇಜಿಯನ್ ವುಡ್’ ಹಾಡನ್ನು ಪಂಜಾಬಿಯಲ್ಲಿ ಹಾಡಿದರು. ಎಷ್ಟು ಚೆಂದದ ಉತ್ತರ ಅದು! ಆದರೆ ‘ಆಶಾ’ ಹಾಡು ಮೊದಲ ಸ್ಥಾನಕ್ಕೇರಿದ್ದು 1998ರ ಫೆಬ್ರವರಿಯಲ್ಲಿ, ನಾರ್ಮನ್ ಕುಕ್ ಅದನ್ನು ಕುಣಿಯುವ ಗತಿಗೆ ಮರುಜೋಡಿಸಿದ ಮೇಲೆ. ಕುಲಾ ಶೇಕರ್ ಗಾಯಕ ಕ್ರಿಸ್ಪಿಯನ್ ಮಿಲ್ಸ್‌ಗಾದರೋ ಪ್ರಸಿದ್ಧ ನಟಿ ಹೇಯ್ಲಿ ಮಿಲ್ಸ್ ತಾಯಿ. ಬಾಗಿಲು ಯಾರಿಗೆ ಬೇಗ ತೆರೆಯಿತು ಎಂಬುದನ್ನು ನೋಡದೆ ಸಂಗೀತದ ಮಾತಾಡಲು ನನಗೆ ಮನಸ್ಸಿಲ್ಲ.

ಲೀಡ್ಸ್ ಕನ್ನಡತಿ

ಕ್ಯಾಸೆಟ್ ಪೆಟ್ಟಿಗೆಯವರ ಮಾತಿನಲ್ಲಿ ತೂಕವಿದೆ. ಆದರೂ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಕಾರ್ನರ್‌ಶಾಪ್ ತಮ್ಮ ಮನೆಯ ಒಳಗಿನಿಂದ ಹಾಡಿತು, ಕುಲಾ ಶೇಕರ್ ಹೊರಗಿನಿಂದ ಬಂದು ಬಾಗಿಲು ತಟ್ಟಿತು. ಎರಡು ಬೇರೆ ಕೆಲಸ. ಒಂದು ದೊಡ್ಡದೆಂದು ಇನ್ನೊಂದು ಸುಳ್ಳಾಗುವುದಿಲ್ಲ.

ಇಲ್ಲಿನ ಹಳೆಯ ಗಾನಮುದ್ರಿಕೆಗಳ ಅಂಗಡಿಯಲ್ಲಿ ‘ಕೆ’ಯ ದೊಡ್ಡ ಹೊದಿಕೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಬರೆದವರು ಡೇವ್ ಗಿಬ್ಬನ್ಸ್, ‘ವಾಚ್‌ಮೆನ್’ ಕಾಮಿಕ್ಸಿನ ಚಿತ್ರಕಾರ. ಕೃಷ್ಣ, ಕೆನಡಿ, ಕಿಚನರ್ ಹೀಗೆ ‘ಕೆ’ ಅಕ್ಷರದವರೆಲ್ಲ ಒಂದೇ ಚಿತ್ರದಲ್ಲಿ ಒತ್ತೊತ್ತಾಗಿ ಸೇರಿದ್ದಾರೆ. ಬೀಟಲ್ಸ್‌ನ 1967ರ ‘ಸಾರ್ಜೆಂಟ್ ಪೆಪ್ಪರ್’ ಹೊದಿಕೆಯ ಗುಂಪುಚಿತ್ರ ನೋಡಿದವರಿಗೆ ಅದರ ಮೂಲ ತಕ್ಷಣ ಹೊಳೆಯುತ್ತದೆ.

ಉಡುಪಿ ರಥಬೀದಿ

ತಂಡದ ಹೆಸರನ್ನು ಯಾರೂ ಎತ್ತಲಿಲ್ಲವೇ? ಕುಲಾ ಶೇಕರ್ ಎಂದರೆ ನಮ್ಮ ಕುಲಶೇಖರ. ‘ಮುಕುಂದಮಾಲೆ’ಯ ಕರ್ತೃವೆಂದು ನಾವು ನೆನೆಯುವ ಚೇರ ದೊರೆ, ವಿಷ್ಣುಭಕ್ತ ಸಂತಕವಿಗಳಾದ ಹನ್ನೆರಡು ಆಳ್ವಾರರಲ್ಲಿ ಒಬ್ಬ. ನಮ್ಮ ಅಜ್ಜಿ ಸಂಜೆ ದೀಪ ಹಚ್ಚಿ ಮುಕುಂದಮಾಲೆಯ ಶ್ಲೋಕ ಹೇಳಿಕೊಳ್ಳುತ್ತಿದ್ದರು. ಆ ಹೆಸರು ಲಂಡನ್ನಿನ ಗಿಟಾರ್ ಹುಡುಗರ ತಂಡಕ್ಕೆ ಬಂದದ್ದು ನನಗೆ ಇಂದಿಗೂ ಸೋಜಿಗ.

ಇನ್ನು ‘ತತ್ತ್ವ’ ಹಾಡು. ಅದರಲ್ಲಿ ಮತ್ತೆ ಮತ್ತೆ ಬರುವುದು ‘ಅಚಿಂತ್ಯ ಭೇದಾಭೇದ ತತ್ತ್ವ’. ಇದು ಬಂಗಾಳದ ಕೃಷ್ಣಭಕ್ತ ಚೈತನ್ಯರ ಪರಂಪರೆಯ ಸಿದ್ಧಾಂತದ ಹೆಸರು. ಜೀವನಿಗೂ ದೇವನಿಗೂ ಭೇದವೂ ಉಂಟು, ಅಭೇದವೂ ಉಂಟು, ಅದು ಬುದ್ಧಿಗೆ ನಿಲುಕದು ಎನ್ನುವ ಮತ. ಆ ಪರಂಪರೆಯವರು ತಮ್ಮ ಗುರುಸಾಲನ್ನು ನಮ್ಮ ಮಧ್ವಾಚಾರ್ಯರವರೆಗೆ ಕೊಂಡೊಯ್ಯುತ್ತಾರೆ. ಚೈತನ್ಯರು ಉಡುಪಿಗೆ ಬಂದು ಇಲ್ಲಿನ ತತ್ತ್ವವಾದಿಗಳೊಡನೆ, ಅಂದರೆ ಮಧ್ವರ ಅನುಯಾಯಿಗಳೊಡನೆ, ಚರ್ಚಿಸಿದರೆಂದು ‘ಚೈತನ್ಯ ಚರಿತಾಮೃತ’ ಹೇಳುತ್ತದೆ. ಅಂಥ ಪದಗುಚ್ಛ 1996ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ ಮುಟ್ಟಿತು!

ಹಳೆಯ ಗಿಟಾರ್

ರಥಬೀದಿಯವರೇ, ನಿಮ್ಮಲ್ಲಿ ಪಂಚಭೇದ, ಅಂದರೆ ಜೀವ ಬೇರೆ ದೇವ ಬೇರೆ ಎನ್ನುವ ಮತ ಅಲ್ಲವೇ? ಭೇದಾಭೇದ ಎಂದರೆ ಮಧ್ವರು ಒಪ್ಪುತ್ತಿದ್ದರೇ?

ಉಡುಪಿ ರಥಬೀದಿ

ಒಪ್ಪುತ್ತಿರಲಿಲ್ಲ. ಅದಕ್ಕೇ ಆ ಗುರುಸಾಲಿನ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಅದನ್ನು ಇಲ್ಲಿ ಎತ್ತಿದರೆ ರಾಕ್ ಸಂಗೀತಕ್ಕೆ ಜಾಗವೇ ಉಳಿಯುವುದಿಲ್ಲ, ಬೇರೆಯಾಗಿ ಮಾತಾಡೋಣ.

ತಂಬೂರಿ ತಂತಿ

ಕರ್ನಾಟಕ ಸಂಗೀತ ಕಲಿತವಳಾಗಿ ಒಂದು ಮಾತು. ನಮ್ಮ ಕಿವಿಗೆ ಈ ಸೈಕೆಡೆಲಿಕ್ ರಾಕ್ ಹತ್ತಿರವೆನಿಸುವುದು ಸಿತಾರಿನಿಂದ ಅಲ್ಲ, ಶ್ರುತಿಯಿಂದ. ಸಾಮಾನ್ಯ ಪಾಶ್ಚಾತ್ಯ ಹಾಡಿನಲ್ಲಿ ಸ್ವರಮೇಳಗಳು ಒಂದರಿಂದ ಇನ್ನೊಂದಕ್ಕೆ ಸಾಗಿ ಮನೆಗೆ ಮರಳುತ್ತವೆ. ಬೀಟಲ್ಸ್‌ನ 1966ರ ‘ಟುಮಾರೋ ನೆವರ್ ನೋಸ್’ ಹಾಡಿನಲ್ಲಿ ಆ ಪ್ರಯಾಣವೇ ಇಲ್ಲ. ಒಂದು ಷಡ್ಜದ ಮೇಲೆ ಎಲ್ಲವೂ ನಿಂತಿದೆ, ಮೇಲೆ ಕೋಮಲ ನಿಷಾದ ಬಂದು ಬಂದು ಹೋಗುತ್ತದೆ. ಮರುವರ್ಷದ ‘ವಿದಿನ್ ಯೂ ವಿದೌಟ್ ಯೂ’ ಅಂತೂ ಹಿಂದೂಸ್ತಾನಿಯ ಖಮಾಜ್ ಥಾಟಿನ, ನಮ್ಮ ಹರಿಕಾಂಭೋಜಿಯ ಸ್ವರಗಳಲ್ಲೇ ಇದೆ. ‘ಗೋವಿಂದ’ದಲ್ಲಿ ಇವರು ಹಿಡಿದದ್ದು ಅದೇ ಗುಟ್ಟು: ಶ್ರುತಿಯನ್ನು ಬಿಡಬೇಡ. ಗಿಟಾರ್ ಎಷ್ಟೇ ಆರ್ಭಟಿಸಿದರೂ ಆಧಾರ ಷಡ್ಜ ಅಲುಗುವುದಿಲ್ಲ. ಅಪ್ಪನವರ ಬೆರಳು ತಾಳ ಹಿಡಿದದ್ದಕ್ಕೆ ಕಾರಣ ಇದೇ ಎಂದು ನನ್ನ ಎಣಿಕೆ.

ಕೊರತೆಯನ್ನೂ ಹೇಳಬೇಕು. ಗಮಕವಿಲ್ಲ. ಸ್ವರದಿಂದ ಸ್ವರಕ್ಕೆ ಹೆಜ್ಜೆ ಇಡುತ್ತಾರೆ, ಜಾರುವುದಿಲ್ಲ. ಭಜನೆಗೆ ಅಷ್ಟು ಸಾಕು, ರಾಗಕ್ಕೆ ಸಾಲದು.

ಕ್ಯಾಸೆಟ್ ಪೆಟ್ಟಿಗೆ

ಅಷ್ಟೇ ನಾನು ಹೇಳುವುದೂ. ರಾಗ ಸಾಲದು, ಹೆಸರು ಮಾತ್ರ ಬೇಕು.

ತಂಬೂರಿ ತಂತಿ

ಇಲ್ಲ, ನಾನು ಹಾಗೆ ಹೇಳಲಿಲ್ಲ. ಅವರು ರಾಗ ಹಾಡುತ್ತೇವೆಂದು ಹೊರಟಿಲ್ಲ. ಭಜನೆ ಹಾಡಿದ್ದಾರೆ, ಭಜನೆಯ ಲೆಕ್ಕಕ್ಕೆ ಚೆನ್ನಾಗಿ ಹಾಡಿದ್ದಾರೆ. ನನ್ನ ಮಾತನ್ನು ತಿರುಚಬೇಡಿ.

ಬೆಳ್ಳಂದೂರಿನ ಡ್ರಮ್ಮರ್

ಮೊದಲ ಹಾಡು ‘ಹೇ ಡ್ಯೂಡ್’ ಬಗ್ಗೆ ಯಾರೂ ಮಾತಾಡುತ್ತಿಲ್ಲ! ಪಾಲ್ ವಿಂಟರ್‌ಹಾರ್ಟ್‌ನ ಡ್ರಮ್ ಕೇಳಿ. ಭಾರತದ ಸುಳಿವೂ ಇಲ್ಲದ, ಶುದ್ಧ ಅರವತ್ತೆಂಟರ ಬಿರುಸು. ಎರಡನೆಯ ಸ್ಥಾನದವರೆಗೆ ಏರಿದ ಹಾಡು ಅದು. ಎಲ್ಲರೂ ಎರಡು ಮೂರು ಹಾಡು ಹಿಡಿದು ಜಗಳವಾಡುತ್ತೀರಿ. ಹದಿಮೂರರಲ್ಲಿ ಹೆಚ್ಚಿನವು ಗಟ್ಟಿ ಗಿಟಾರ್ ರಾಕ್.

ಲೀಡ್ಸ್ ಕನ್ನಡತಿ

ಹೌದು. ‘303’ ಎಂಬ ಹಾಡಂತೂ ಅಪ್ಪಟ ಇಂಗ್ಲೆಂಡ್. ಎ303 ಎಂಬುದು ಸ್ಟೋನ್‌ಹೆಂಜ್ ಪಕ್ಕದಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ. ಬೇಸಿಗೆಯಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೊರಟ ಕಾರುಗಳು ಅಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಒಮ್ಮೆ ಮಧ್ಯಾಹ್ನ ಎರಡು ಗಂಟೆ ಅದೇ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದೆ. ಎಡಕ್ಕೆ ಒಣ ಹುಲ್ಲಿನ ಬಯಲು, ದೂರದಲ್ಲಿ ಬೂದು ಕಲ್ಲುಗಳು, ಮುಂದಿನ ವ್ಯಾನಿನ ಮೇಲೆ ಕಟ್ಟಿದ ಡೇರೆಯ ಗಂಟು. ಇಂಗ್ಲಿಷ್ ಸೈಕೆಡೆಲಿಯಾದ ಅರ್ಧ ಜೀವ ಆ ದಾರಿಯಲ್ಲಿದೆ.

ಕಾಲವನ್ನೂ ನೆನಪಿಡಿ. ‘ಕೆ’ ಬರುವ ತಿಂಗಳ ಹಿಂದೆ, 1996ರ ಆಗಸ್ಟಿನಲ್ಲಿ, ನೆಬ್‌ವರ್ತ್ ಮೈದಾನದಲ್ಲಿ ಓಯಸಿಸ್ ತಂಡ ಎರಡು ರಾತ್ರಿ ಎರಡೂವರೆ ಲಕ್ಷ ಜನರೆದುರು ನುಡಿಸಿತ್ತು. ಆ ವೇದಿಕೆಯಲ್ಲಿ ಕುಲಾ ಶೇಕರ್ ಕೂಡ ನುಡಿಸಿತು. ಆಗ ಬ್ರಿಟನ್ನಿನ ಎಲ್ಲ ತಂಡಗಳೂ ಅರವತ್ತರ ದಶಕದ ಅಟ್ಟ ಹುಡುಕುತ್ತಿದ್ದವು. ಉಳಿದವರು ಅಲ್ಲಿಂದ ಸೂಟು, ಕೇಶವಿನ್ಯಾಸ, ಕೋರಸ್ಸು ತಂದರು. ಇವರು ತಂಬೂರಿ ತಂದರು.

ಜಮಖಂಡಿ ಜವಾರಿ

ಇಷ್ಟು ಹೊತ್ತು ಸುಮ್ಮನೆ ಓದಿದೆ, ಇನ್ನು ತಡೆಯಲಾಗುತ್ತಿಲ್ಲ. ಬೀಟಲ್ಸ್, ಸಿತಾರ್, ಲಂಡನ್ ಎನ್ನುತ್ತೀರಿ. ಆ ಸಿತಾರಿನ ತಂತಿ ಎಲ್ಲಿಂದ ಬಂತೆಂದು ಒಬ್ಬರಾದರೂ ಕೇಳಿದಿರಾ? ಅಯನ ದೇವ ಅಂಗಡಿ ಎಂಬ ಹೆಸರು ಕೇಳಿದ್ದೀರಾ? 1903ರಲ್ಲಿ ವಿಜಯಪುರದ ಕಡೆಯ ಜಕನೂರಿನಲ್ಲಿ ಹುಟ್ಟಿದವರು. ನಮ್ಮವರು, ಕನ್ನಡದವರು. ಲಂಡನ್ನಿಗೆ ಹೋಗಿ, ಚಿತ್ರಕಲಾವಿದೆ ಪೆಟ್ರೀಷಿಯಾ ಅವರನ್ನು ಮದುವೆಯಾಗಿ, ಇಬ್ಬರೂ ಸೇರಿ ಉತ್ತರ ಲಂಡನ್ನಿನ ಫಿಂಚ್ಲಿಯ ಮನೆಯಿಂದಲೇ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ನಡೆಸಿದರು. ವಯೊಲಿನ್ ಮಾಂತ್ರಿಕ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು.

1965ರ ಅಕ್ಟೋಬರಿನಲ್ಲಿ ‘ನಾರ್ವೇಜಿಯನ್ ವುಡ್’ ಧ್ವನಿಮುದ್ರಣದ ಹೊತ್ತಿಗೆ ಹ್ಯಾರಿಸನ್‌ನ ಸಿತಾರಿನ ತಂತಿ ತುಂಡಾಯಿತು. ಆಗ ಸ್ಟುಡಿಯೋದವರು ಫೋನ್ ಮಾಡಿದ್ದು ಅಂಗಡಿಯವರಿಗೆ. ಮನೆಯವರೆಲ್ಲ ತಂತಿ ಹಿಡಿದುಕೊಂಡು ಆಬಿ ರೋಡಿಗೆ ಹೋದರು. ಹ್ಯಾರಿಸನ್ ಸಿತಾರ್ ವಾದಕ ರವಿಶಂಕರರನ್ನು 1966ರಲ್ಲಿ ಭೇಟಿಯಾದದ್ದೂ ಇವರ ಮನೆಯಲ್ಲೇ. ಬೀಟಲ್ಸ್ ಹಾಡು ‘ಲವ್ ಯೂ ಟು’ಗೆ ತಬಲಾ ನುಡಿಸಲು ಅನಿಲ್ ಭಾಗವತ್ ಅವರನ್ನು ಕಳುಹಿಸಿದ್ದೂ ಅಂಗಡಿಯವರೇ. ಕುಲಾ ಶೇಕರ್ ಅರವತ್ತರ ದಶಕದಿಂದ ಎರವಲು ತಂದಿತು ಎನ್ನುವವರಿಗೆ ನನ್ನದೊಂದೇ ಮಾತು: ಅರವತ್ತರ ದಶಕದ ಆ ಸದ್ದಿಗೆ ಕೈಗೂಡಿಸಿದವರಲ್ಲಿ ಜಕನೂರಿನವನೊಬ್ಬನಿದ್ದ. ಅವನ ಹೆಸರನ್ನು ಹೇಳದೆ ಈ ಚರ್ಚೆ ಮುಗಿಸಬೇಡಿ.

ಸಾಗರದ ಕೇಳುಗ

ಜಮಖಂಡಿಯವರೇ, ಇದನ್ನು ಎರಡು ಸಲ ಓದಿದೆ. ಇಷ್ಟು ವರ್ಷ ಬೀಟಲ್ಸ್ ಕೇಳಿದ್ದೇನೆ, ಈ ಹೆಸರು ಕಿವಿಗೆ ಬಿದ್ದಿರಲಿಲ್ಲ.

ಬೆಳ್ಳಂದೂರಿನ ಡ್ರಮ್ಮರ್

ಮೆನುಹಿನ್ ಎಂದರೆ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ ಯೋಗ ಕಲಿತವರಲ್ಲವೇ? ಅಯ್ಯಂಗಾರ್ ಕೂಡ ಕೋಲಾರದ ಕಡೆಯ ಬೆಳ್ಳೂರಿನವರು. ಆ ಕಾಲದ ಲಂಡನ್ನಿನಲ್ಲಿ ಎಷ್ಟು ಕನ್ನಡ ಓಡಾಡಿತ್ತು!

ಕ್ಯಾಸೆಟ್ ಪೆಟ್ಟಿಗೆ

ಜಮಖಂಡಿಯವರಿಗೆ ವಂದನೆ. ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಟ್ಟಿತು. ಭಾಗವತ್ ಅವರ ಹೆಸರು ಆ ಹಾಡು ಇದ್ದ ‘ರಿವಾಲ್ವರ್’ ಆಲ್ಬಮ್ಮಿನ ಹೊದಿಕೆಯ ಮೇಲೆ ಅಚ್ಚಾಯಿತು, ನಿಜ. ಆದರೆ ಮರುವರ್ಷ ‘ವಿದಿನ್ ಯೂ ವಿದೌಟ್ ಯೂ’ ನುಡಿಸಿದ ಭಾರತೀಯರ ಹೆಸರುಗಳು ‘ಸಾರ್ಜೆಂಟ್ ಪೆಪ್ಪರ್’ ಮೇಲೆ ಇರಲೇ ಇಲ್ಲ. ಅವು ಬೆಳಕಿಗೆ ಬಂದದ್ದು 2017ರಲ್ಲಿ. ಕಮಾನಿನಿಂದ ನುಡಿಸುವ ತಂತಿವಾದ್ಯ ದಿಲ್ರುಬಾ ನುಡಿಸಿದ ಅನ್ನಾ ಜೋಶಿ ಮತ್ತು ಅಮೃತ್ ಗಜ್ಜರ್, ತಂಬೂರಿಯ ಬುದ್ಧದೇವ್ ಕನ್ಸಾರಾ, ತಬಲಾದ ನಟವರ್ ಸೋನಿ. ಐವತ್ತು ವರ್ಷ! ಜಗತ್ತಿನ ಅತಿ ಪ್ರಸಿದ್ಧ ಆಲ್ಬಂಗಳಲ್ಲೊಂದರಲ್ಲಿ ನುಡಿಸಿ ಐವತ್ತು ವರ್ಷ ಹೆಸರಿಲ್ಲದೆ ಉಳಿದರು. ನನಗೆ ಕೋಪ ಬರುವುದು ಇಲ್ಲಿ. ಎರವಲು ತಂದದ್ದಕ್ಕಲ್ಲ, ಯಾರಿಂದ ತಂದೆವು ಎಂದು ಬರೆಯದೆ ಬಿಟ್ಟದ್ದಕ್ಕೆ.

ಹಳೆಯ ಗಿಟಾರ್

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಕುಲಾ ಶೇಕರ್ ಕುರಿತು ಸ್ವಲ್ಪ ಮೃದುವಾಗಬೇಕಾಗುತ್ತದೆ. ಮಿಲ್ಸ್ 1993ರಲ್ಲೇ ಭಾರತಕ್ಕೆ ಬಂದು ಸುತ್ತಾಡಿದವನು. ತಂಡದ ಹೆಸರಿನಲ್ಲೇ ಋಣ ಹೇಳಿದ್ದಾನೆ. ಒಂದೆರಡು ವರ್ಷದ ಶೋಕಿಯಾಗಿದ್ದರೆ ಫ್ಯಾಷನ್ ಇಳಿದ ಮೇಲೆ ಬಿಡಬೇಕಿತ್ತು. 1999ರಲ್ಲಿ ತಂಡ ಒಡೆಯಿತು, ಮತ್ತೆ ಕೂಡಿತು, 2016ರಲ್ಲಿ ‘ಕೆ 2.0’ ತಂದಿತು, 2024ರಲ್ಲಿ ‘ನ್ಯಾಚುರಲ್ ಮ್ಯಾಜಿಕ್’. ಆರ್ಗನ್ ನುಡಿಸುವ ಜೇ ಡಾರ್ಲಿಂಗ್ಟನ್ ನಡುವೆ ಓಯಸಿಸ್ ಜೊತೆ ನುಡಿಸಿ ಮತ್ತೆ ಮನೆಗೆ ಮರಳಿದ. ಪತ್ರಿಕೆಗಳು ತಲೆಯ ಮೇಲೆ ಹೊತ್ತಾಗಲೂ ಕೆಳಗೆ ಹಾಕಿದಾಗಲೂ ಭಾರತದ ಕಡೆಗಿನ ಒಲವು ಹೋಗಲಿಲ್ಲ.

ಸಂಜೆ ಪತ್ರಿಕೆ

ಕೆಳಗೆ ಹಾಕಿದ್ದಕ್ಕೆ ಕಾರಣವೂ ಇತ್ತಲ್ಲ. 1997ರಲ್ಲಿ ಮಿಲ್ಸ್ ಸ್ವಸ್ತಿಕದ ಬಗ್ಗೆ ಸಂದರ್ಶನದಲ್ಲಿ ಆಡಿದ ಮಾತು.

ಲೀಡ್ಸ್ ಕನ್ನಡತಿ

ಅದು ದೊಡ್ಡ ತಪ್ಪು. ನಮ್ಮ ಮನೆಯ ಹೊಸ್ತಿಲ ಮೇಲಿನ ಸ್ವಸ್ತಿಕ ಬೇರೆ, ಯುರೋಪಿನಲ್ಲಿ ನಾಜಿಗಳ ಕೈಯಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡವರ ಕಣ್ಣಿಗೆ ಅದು ಬೇರೆ. ನನ್ನ ಪಕ್ಕದ ಮನೆಯ ವಯಸ್ಸಾದ ಯಹೂದಿ ಮಹಿಳೆ ನಮ್ಮ ಗೃಹಪ್ರವೇಶದ ದಿನ ಬಾಗಿಲಲ್ಲೇ ಕ್ಷಣಹೊತ್ತು ನಿಂತುಬಿಟ್ಟರು. ಕೈ ಹಿಡಿದು ಒಳಗೆ ಕರೆದು ಅರ್ಥ ಹೇಳಿದೆ, ಅವರು ಕೇಳಿಸಿಕೊಂಡರು, ಕಾಫಿ ಕುಡಿದರು. ಮರುದಿನ ನಾನೇ ಹೊರಗಿನ ರಂಗೋಲಿಯನ್ನು ಬದಲಿಸಿದೆ. ಇಂಥ ಸಂಗತಿಯನ್ನು ರಾಕ್ ಪತ್ರಿಕೆಯಲ್ಲಿ ಹಗುರವಾಗಿ ಆಡಬಾರದಿತ್ತು. ಅವನು ಕ್ಷಮೆ ಕೇಳಿದ. ಅಷ್ಟನ್ನೂ ಸೇರಿಸಿಯೇ ಹೇಳಬೇಕು.

ಉಡುಪಿ ರಥಬೀದಿ

ಇನ್ನೊಂದು ಕೊಂಡಿ ಬಿಟ್ಟುಹೋಗಿದೆ. ‘ಗೋವಿಂದ’ ಎಂಬ ಹೆಸರಿನ ಹಾಡು ಬ್ರಿಟನ್ನಿನ ಪಟ್ಟಿಗೆ ಮೊದಲು ಬಂದದ್ದು 1970ರಲ್ಲಿ. ಲಂಡನ್ನಿನ ರಾಧಾಕೃಷ್ಣ ಮಂದಿರದ ಭಕ್ತರು ಹಾಡಿದ್ದನ್ನು ಹ್ಯಾರಿಸನ್ ನಿರ್ಮಿಸಿ ಆಪಲ್ ಸಂಸ್ಥೆಯಿಂದ ಹೊರತಂದರು. ಅದು ಬ್ರಹ್ಮಸಂಹಿತೆಯ ಶ್ಲೋಕ. 23ನೆಯ ಸ್ಥಾನದಲ್ಲಿ ನಿಂತಿತು. ಅದಕ್ಕೂ ಮೊದಲು, 1969ರಲ್ಲಿ, ಅವರದೇ ಹರೇ ಕೃಷ್ಣ ಮಂತ್ರ 12ರವರೆಗೆ ಹೋಗಿತ್ತು. ಕುಲಾ ಶೇಕರ್ ಹಾಡು 1996ರಲ್ಲಿ ಏಳನೆಯ ಸ್ಥಾನ ತಲುಪಿತು. ಸಾಹಿತ್ಯ ಬೇರೆ, ದಾರಿ ಒಂದೇ. ಹಾಗಾಗಿ ಇದು ಬೀಟಲ್ಸ್ ಸದ್ದಿನ ನಕಲಲ್ಲ, ಹ್ಯಾರಿಸನ್ ಕೈಗಿತ್ತದ್ದನ್ನು ಮುಂದಕ್ಕೆ ಒಯ್ದದ್ದು ಎನ್ನುವುದು ನನ್ನ ನಿಲುವು.

ಬೆಳ್ಳಂದೂರಿನ ಡ್ರಮ್ಮರ್

ಹೊಸಬರು ಎಲ್ಲಿಂದ ಶುರು ಮಾಡಬೇಕು? ನನ್ನ ಪ್ರಕಾರ ‘ಸ್ಲೀಪಿಂಗ್ ಜೀವ’ದಿಂದ ಹಿಡಿದು ‘ತತ್ತ್ವ’ ಮುಗಿಯುವವರೆಗೆ ಒಂದೇ ಉಸಿರಿನಲ್ಲಿ ಕೇಳಬೇಕು. ನಡುವೆ ನಿಲ್ಲಿಸಿದರೆ ರುಚಿ ಹೋಯಿತು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಂತೂ ಬೇಡವೇ ಬೇಡ, ಅಲೊಂಝಾ ಬೆವನ್‌ನ ಬೇಸ್ ಕೇಳಿಸುವುದೇ ಇಲ್ಲ.

ಕ್ಯಾಸೆಟ್ ಪೆಟ್ಟಿಗೆ

ಈ ಸಲಹೆ ಒಪ್ಪಿದೆ. ಆ ಜೋಡಿಯನ್ನು ಇವತ್ತಿಗೂ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ, ಮೇಲೆ ಏನೇ ವಾದಿಸಿದ್ದರೂ.

ಸಾಗರದ ಕೇಳುಗ

ಇವತ್ತು ಸಂಜೆ ಅಪ್ಪನಿಗೆ ‘ವಿದಿನ್ ಯೂ ವಿದೌಟ್ ಯೂ’ ಕೇಳಿಸಿದೆ. ಜಗುಲಿಯಲ್ಲಿ ಕುಳಿತಿದ್ದರು, ಸುಲಿಯುತ್ತಿದ್ದ ಅಡಿಕೆ ಮೊರದಲ್ಲಿತ್ತು. ಮೊದಲು ಹದಿನಾರರ ಲೆಕ್ಕ ಎಂದರು. ಹಾಡು ನಡುವಿಗೆ ಬಂದು ದಿಲ್ರುಬಾ ಮತ್ತು ಪಿಟೀಲುಗಳ ಸವಾಲ್ ಜವಾಬ್ ಶುರುವಾದಾಗ ಅವರ ಕೈ ತಪ್ಪಿತು. ಹಿಂದಕ್ಕೆ ಹಾಕು ಎಂದರು. ಹಾಕಿದೆ. ಕತ್ತಿ ಕೆಳಗಿಟ್ಟು ಬೆರಳು ಮಡಿಚುತ್ತಾ ಎಣಿಸಿದರು. ಮೂರನೆಯ ಸಲ, “ಹತ್ತು” ಎಂದರು. ತಬಲಾ ಯಾರದೆಂದು ಕೇಳಿದರು. ನಟವರ್ ಸೋನಿ ಎಂದೆ. ಹತ್ತೇ ಸರಿಯೇ, ತಂಬೂರಿಯವರೇ?

ತಂಬೂರಿ ತಂತಿ

ಸರಿ. ಹಾಡುವ ಭಾಗ ತೀನ್‌ತಾಳ, ಹದಿನಾರು. ನಡುವಿನ ವಾದ್ಯಭಾಗ ಝಪ್‌ತಾಳ, ಹತ್ತು. ಎರಡು, ಮೂರು, ಎರಡು, ಮೂರು ಎಂದು ಚಪ್ಪಾಳೆ ಹಾಕಿದರೆ ಕೂಡುತ್ತದೆ. ಅಪ್ಪನವರಿಗೆ ಹೇಳಿ.